ಬೈಗುಳದ ಪಥ್ಯ

ನಮ್ಮ ಅತ್ತೆ ತೂಕ ಇಳಿಸಿಕೊಂಡದ್ದು ಬೈಗುಳ ತಿಂದು. ನಗಬೇಡಿ! ನೀವೆಲ್ಲ ಬೆಳಿಗ್ಗೆ ಎದ್ದು ನಿಂಬೆಹಣ್ಣಿನ ನೀರು ಕುಡಿಯುತ್ತೀರಿ, ಹದಿನೈದು ದಿನ ಬಯಲಲ್ಲಿ ಏದುಸಿರು ಬಿಡುತ್ತ ಓಡುತ್ತೀರಿ, ಹದಿನಾರನೆಯ ದಿನ ಹೊದಿಕೆ ಎಳೆದುಕೊಂಡು "ನಾಳೆಯಿಂದ ನೋಡೋಣ" ಎನ್ನುತ್ತೀರಿ. ನನಗೆ ಗೊತ್ತಿಲ್ಲವೇ? ನಾನೂ ಅದೇ ಪೈಕಿ. ನಮ್ಮ ಅತ್ತೆ ಮಾತ್ರ ದಿನಕ್ಕೊಂದು ಬೈಗುಳ, ಅದೂ ತಾಜಾ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು ಸುಮಾರು ಒಂದು ಮಣ ಇಳಿದರು. ಇಳಿದದ್ದನ್ನು ಸಾಯುವತನಕ ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಒಂದು ಮಣ ಎಂದರೆ ಈಗಿನ ಲೆಕ್ಕದಲ್ಲಿ ಮೂವತ್ತೇಳು ಕಿಲೋ. ಅಂದರೆ ಆಗ ಹೊಸದಾಗಿ ಮದುವೆಯಾಗಿ ಬಂದಿದ್ದ ನನ್ನಷ್ಟು, ಸ್ವಲ್ಪ ಕಡಿಮೆ. ಅತ್ತೆ ಅಕ್ಷರಶಃ ಒಬ್ಬ ಸೊಸೆಯನ್ನು ಕಳೆದುಕೊಂಡರು!

ಅತ್ತೆ ಎಂದರೆ ನನ್ನ ಗಂಡನ ಸೋದರತ್ತೆ. ನನಗೆ ಬೇರೆ ಅತ್ತೆಮಾವ ಇರಲಿಲ್ಲ. ನಮ್ಮ ಮನೆಯವರು ಎಳೆಯದರಲ್ಲೇ ತಾಯಿತಂದೆಯನ್ನು ಕಳೆದುಕೊಂಡಾಗ ಈಕೆಯೇ ಎತ್ತಿ ಬೆಳೆಸಿದ್ದರು. ನಾನು ಭಾಲ್ಕಿಯಿಂದ ಬೀದರಿನ ಮೈಲೂರಿಗೆ ಸೊಸೆಯಾಗಿ ಬಂದ ದಿನ ಬಾಗಿಲಲ್ಲಿ ಆರತಿ ಹಿಡಿದು ನಿಂತವರನ್ನು ನೋಡಿ, "ಅತ್ತೆ, ಮಾವ ಇಬ್ಬರೂ ಒಟ್ಟಿಗೆ ನಿಂತಿದ್ದಾರೆ" ಎಂದುಕೊಂಡಿದ್ದೆ. ಹತ್ತಿರ ಹೋದ ಮೇಲೆ ಗೊತ್ತಾಯಿತು, ಒಬ್ಬರೇ.

ಆಕೆ ಸರ್ಕಾರಿ ದಾಯಿ; ಊರವರಿಗೆಲ್ಲ ‘ಬಾಯಿ’, ಅಂದರೆ ಅಮ್ಮನವರು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ, ಆರತಿ, ಬಳೆ ಯಾವುದನ್ನೂ ಯಾರ ಮಾತಿಗೂ ಬಿಡದೆ, ಹೆರಿಗೆ ಮಾಡಿಸುವುದನ್ನು ಕಲಿತು, ದವಾಖಾನೆಯ ನೌಕರಿ ಹಿಡಿದವರು. ಮೈಲೂರಿನ ಅರ್ಧ ಜನ ಈ ಲೋಕಕ್ಕೆ ಬಂದು ಮೊದಲು ನೋಡಿದ ಮುಖ ಅವರದು. ಅದಕ್ಕೇ ಇರಬೇಕು, ಊರಿನ ಎಂಥ ಪುಂಡನೂ ಅವರೆದುರು ತಲೆ ತಗ್ಗಿಸುತ್ತಿದ್ದ. ಟಾಂಗಾದವನೊಬ್ಬ ಮಾತ್ರ ನಿಜ ಹೇಳುವ ಧೈರ್ಯ ಮಾಡುತ್ತಿದ್ದ, ಅವನದು ಹೊಟ್ಟೆಪಾಡು ನೋಡಿ. ಅತ್ತೆ ಹಿಂದಿನ ಸೀಟಿನಲ್ಲಿ ಕುಳಿತರೆ ಟಾಂಗಾದ ಮುಂದಿನ ಮರದ ದಂಡಗಳು ಕಟ್ಟಿದ ಕುದುರೆಯ ಸಮೇತ ಮೇಲೇಳುತ್ತಿದ್ದವು.

"ಬಾಯಿ, ಇನ್ನ ಇಬ್ಬರು ಸವಾರಿ ಬರೋತನಕ ನಿಂದರ್ರಿ. ಅವರನ್ನ ಮುಂದ ಕೂಡಿಸ್ತೇನಿ, ನಿಮ್ಮನ್ನ ಹಿಂದ."

"ಇಬ್ಬರು ಸಾಕೇನೋ?"

"ಮೂವರಾದ್ರ ಕುದರಿ ದುವಾ ಕೊಡ್ತದರಿ."

ಅತ್ತೆ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಆಕೆಗೆ ತಾನು ದಪ್ಪ ಎಂಬ ನಾಚಿಕೆ ಕೂದಲೆಳೆಯಷ್ಟೂ ಇರಲಿಲ್ಲ. ಯಾಕಿರಬೇಕು? ಸ್ವಂತ ದುಡಿಮೆಯಲ್ಲಿ ಉಂಡು ಬೆಳೆಸಿದ ಮೈ. ವರ್ಷಕ್ಕೆ ಮೂರು ಸಲ ಅವರು ಮಲಗುವ ಹೊರಸಿನ ನುಲಿ ಹರಿಯುತ್ತಿತ್ತು. ಮೂರು ಸಲವೂ ಅವರು ನುಲಿ ಮಾರಿದವನನ್ನೇ ಕರೆಸಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

ಹಾಗಿದ್ದವರ ಬಾಳಿನಲ್ಲಿ ಮೈಸೂರು ರಾಜ್ಯ ಬಂತು.

ನಮ್ಮ ಬೀದರ್ ಹೈದರಾಬಾದನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅದು. ಎಲ್ಲ ಕಚೇರಿಗಳಲ್ಲೂ ಹೊಸ ಸಾಹೇಬರು, ಹೊಸ ಕಾಗದ, ಹೊಸ ಹುಕುಂ. ಅತ್ತೆಗೆ ಬಂದ ಹುಕುಂ ಇಷ್ಟು: ಔರಾದಿನ ದವಾಖಾನೆಗೆ ವರ್ಗ, ಸುತ್ತಲ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು ನೋಡಬೇಕು. ನಾನೂ ಅತ್ತೆಯೂ ಬಸ್ಸು ಹಿಡಿದು ಔರಾದಿಗೆ ಹೋದೆವು. ಅಲ್ಲಿದ್ದವರು ಮೈಸೂರು ಕಡೆಯಿಂದ ಬಂದ ಹೊಸ ಡಾಕ್ಟರು. ಕಡ್ಡಿಪೆಟ್ಟಿಗೆಯ ಹಾಗೆ ಚೊಕ್ಕಟವಾದ ಮನುಷ್ಯ. ಅತ್ತೆಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಸರ್ರನೆ ಕೊನೆಗೆ ಹೋಯಿತು. ಅತ್ತೆ ಇಳಿದ ಮೇಲೂ ಅದು ಹಿಂದಕ್ಕೆ ಬರಲಿಲ್ಲ.

ಡಾಕ್ಟರು ಯಂತ್ರವನ್ನು ಎರಡು ಸಲ ತಟ್ಟಿ ನೋಡಿ, ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡಿ. ಇಲ್ಲಿ ಹಳ್ಳಿಗಳಿಗೆ ಬಸ್ಸಿಲ್ಲ. ಚಿಂತಾಕಿ ಅಂತ ಒಂದು ಊರಿದೆ, ಅಲ್ಲಿಗೂ ನಡೆದೇ ಹೋಗ್ಬೇಕು. ಇದು ನಿಮ್ಮ ಕೈಲಿ ಆಗಲ್ಲಮ್ಮ."

ನೋಡಿ, ಅಷ್ಟೇ ಅವರು ಹೇಳಿದ್ದು. ಅದೂ ಪಾಪ, ಮೆತ್ತಗೆ.

"ಏನಂದ್ರಿ?" ಎಂದರು ಅತ್ತೆ.

"ಆಗಲ್ಲಮ್ಮ ಅಂದೆ."

"ನೋಡ್ರಿ ಸಾಹೇಬ್ರ. ಇಡೀ ಬೀದರ ಕುಂತಲ್ಲೇ ಕುಂತು ಹೈದರಾಬಾದಿನಿಂದ ಮೈಸೂರಿಗಿ ಬಂದದ. ಒಂದು ಹೆಜ್ಜಿ ಎತ್ತಿ ಇಟ್ಟಿಲ್ಲ. ಅದಕ್ಕ ಯಾರೂ ಏನೂ ಅನ್ನಲಿಲ್ಲ. ನನಗ್ಯಾಕ ನಡಿ ಅಂತೀರಿ?"

ಡಾಕ್ಟರು ಕಾಗದವನ್ನು ಇನ್ನೊಮ್ಮೆ ಓದಿದರು. ಆದರೆ ಕಾಗದ ಕಾಗದವೇ ಅಲ್ಲವೇ! ಕೊನೆಗೆ ಒಂದು ದಾರಿ ಹೇಳಿದರು. ಆರು ತಿಂಗಳು ಅತ್ತೆ ಬೀದರಿನಲ್ಲೇ ಇರಬಹುದು. ಆಮೇಲೆ ಬಂದು ಔರಾದಿನಿಂದ ಚಿಂತಾಕಿಗೆ, ಹೆರಿಗೆಯ ಚೀಲ ಹೊತ್ತು ನಡೆದು ತೋರಿಸಬೇಕು. ನಡೆದರೆ ನೌಕರಿ ಉಳಿಯುತ್ತದೆ. ಆಗದಿದ್ದರೆ ಮನೆ.

ಬಸ್ಸಿನಲ್ಲಿ ಮರಳುವಾಗ ಅತ್ತೆ ಹುಕುಮಿನ ಕಾಗದವನ್ನು ಮಡಚಿ ಮಡಚಿ ಬೆರಳಷ್ಟು ಮಾಡಿದರು. ಬೀದರ್ ಹತ್ತಿರ ಬಂದ ಮೇಲೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಗಂಡ ಹೋದ ಮ್ಯಾಲ ಈ ನೌಕರಿ ಬಂತು ನೋಡವ್ವ. ಇದೂ ಹೋದ್ರ ನಾ ಯಾರಾಕಿ?" ಮರುಕ್ಷಣ ಧ್ವನಿ ಏರಿಸಿದರು: "ನಾ ದಪ್ಪ ಇದ್ದೇನಿ ಅಂದಿದ್ರ ಹೌದು ಅಂತಿದ್ದೆ. ಆಗಂಗಿಲ್ಲ ಅಂದ! ನನ್ನ ಮಾರಿಗಿ ಮಾರಿ ಕೊಟ್ಟು ಆಗಂಗಿಲ್ಲ ಅಂದ!"

ಆ ಸಿಟ್ಟಿನಲ್ಲಿ ಅತ್ತೆ ಏಳು ದಿನ ಏನು ಮಾಡಿದರು ಎನ್ನುತ್ತೀರಿ! ಒಂದೇ ರೊಟ್ಟಿ, ಪುಂಡಿಪಲ್ಯ, ನೀರು ಮಜ್ಜಿಗೆ. ಬೆಳಿಗ್ಗೆ ಎದ್ದು ಮನ್ನಳ್ಳಿಯ ದಾರಿ ಹಿಡಿದು ಸಾಕಾಗುವತನಕ ನಡಿಗೆ. ಹಿಂದಿನಿಂದ ಟಾಂಗಾದವನು, "ಬರ್ರಿ ಬಾಯಿ, ಪುಕಟ್ ಒಯ್ತೇನಿ" ಎಂದು ಕೂಗಿದರೆ, "ನಿನ್ನ ಕುದರಿನ ಬಿಚ್ಚಿ ನನ್ನ ಹಿಂದ ಬಿಡು, ಅದೂ ಸಪೂರ ಆಗಲಿ" ಎಂಬ ಜವಾಬು. ಎಂಟನೆಯ ದಿನ ಪಕ್ಕದ ಓಣಿಯ ಬಾಣಂತಿಯ ಮನೆಯಿಂದ ಹೋಳಿಗೆ ಬಂತು. ಅತ್ತೆ ನಾಲ್ಕು ತಿಂದು ಕೈ ತೊಳೆದು, ಹೊರಸಿನ ಮೇಲೆ ಕುಳಿತು, ತಮ್ಮ ರೋಗವನ್ನು ತಾವೇ ಪತ್ತೆ ಹಚ್ಚಿದರು.

"ಸಿಟ್ಟು ಆರ್‍ಯದ. ಅದಕ್ಕ ಹಸಿವಿ ಆಗ್ಲಿಕತ್ತದ."

"ಮತ್ತ ಏನ್ ಮಾಡೋದ್ರಿ ಅತ್ತಿ?"

"ದಿನಾ ಹೊಸಾದು ಬೇಕು. ನೀ ಬೈ."

ನನಗೆ ಮದುವೆಯಾಗಿ ನಾಲ್ಕು ತಿಂಗಳು! ಅತ್ತೆಯನ್ನು ಬೈಯಬೇಕೆಂಬ ಆಸೆ ಯಾವ ಸೊಸೆಗಿಲ್ಲ? ಆದರೆ ಅತ್ತೆಯೇ ಕಾಲು ಮಡಚಿ ಕುಳಿತು "ಹ್ಞೂಂ, ಸುರು ಮಾಡು" ಎಂದರೆ ನಾಲಿಗೆ ಏಳುತ್ತದೆಯೇ? ಸೆರಗು ಹಿಂಡಿಕೊಂಡು ಕಡೆಗೆ ಅಂದೆ: "ಅತ್ತಿ, ನೀವು... ಸ್ವಲ್ಪ ದಪ್ಪ ಇದ್ದೀರಿ ಅನಸ್ತದರಿ."

ಅತ್ತೆ ಹೊಟ್ಟೆ ಹಿಡಿದು ನಕ್ಕರು. ನಕ್ಕು ನಕ್ಕು ಆಯಾಸವಾಗಿ ಉಳಿದಿದ್ದ ಐದನೆಯ ಹೋಳಿಗೆಯನ್ನೂ ತಿಂದರು. ಆಮೇಲೆ ನಮ್ಮ ಮನೆಯವರ ಸರದಿ. ಅವರು ಶಾಲಾ ಮಾಸ್ತರರು, ದಿನವಿಡೀ ಬೈಯುವುದೇ ಕಸುಬು. ಆದರೂ ಅತ್ತೆಯ ಮುಂದೆ ನಿಂತು "ಅತ್ತಿ, ನೀ..." ಎನ್ನುವಷ್ಟರಲ್ಲಿ, "ಅಂಗಿ ಗುಂಡಿ ಹಾಕ್ಕೊ ಮೊದಲ!" ಎಂದು ಅವರೇ ಬೈಸಿಕೊಂಡು ಹೊರಗೆ ಹೋದರು.

ಆಗ ಅತ್ತೆಗೆ ನೆನಪಾದದ್ದು ಗೋಡೆಯಾಚೆಯ ಆಪಾ.

ಆಪಾ ಎಂದರೆ ನಮ್ಮ ಪಕ್ಕದ ಮನೆಯಾಕೆ. ಗಂಡ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ನಮ್ಮ ಕನ್ನಡ, ಮಾತಿನ ಕೊನೆಗೆ ಮಾತ್ರ ‘ಕಣೇ’ ಎನ್ನುವ ಹಾಗೆ ದಖನಿಯ ‘ಗೇ’. ಅತ್ತೆ ಎಷ್ಟು ಅಗಲವೋ ಆಪಾ ಅಷ್ಟು ಸಪೂರ. ಗಾಳಿ ಜೋರಾಗಿದ್ದ ದಿನ ಆಕೆ ಅಂಗಳಕ್ಕೆ ಬಂದರೆ ನನಗೇ ಭಯವಾಗುತ್ತಿತ್ತು. ಎರಡು ಸಲ ಬಸುರಾಗಿ, ಎರಡು ಹೆರಿಗೆಯನ್ನೂ ಅತ್ತೆಯೇ ಮಾಡಿಸಿ, ಎರಡು ಕೂಸೂ ಉಳಿದಿರಲಿಲ್ಲವಂತೆ. ಆಮೇಲಿನಿಂದ ಆಕೆ ಊಟವನ್ನು ಒಂದು ಕೆಲಸದಂತೆ ಮಾಡಿ ಮುಗಿಸುತ್ತಿದ್ದರು, ಅದನ್ನೂ ದಿನ ಬಿಟ್ಟು ದಿನ. ನಾಲಿಗೆ ಮಾತ್ರ ಚೆನ್ನಾಗಿ ಉಂಡು ಬೆಳೆದಿತ್ತು.

ಕರಾರು ಗೋಡೆಯ ಮೇಲೇ ಆಯಿತು. ನಾನೇ ಸಾಕ್ಷಿ. ಬೆಳಿಗ್ಗೆ ಬಿಸಿಲು ಗೋಡೆ ಮುಟ್ಟುವ ಹೊತ್ತಿಗೆ ಆಪಾ ಒಂದು ಬೈಗುಳ ಕೊಡಬೇಕು. ಒಮ್ಮೆ ಬೈದದ್ದನ್ನು ಮತ್ತೆ ಬೈಯುವಂತಿಲ್ಲ. ಬದಲಿಗೆ ಅತ್ತೆ ತಮ್ಮ ಪಾಲಿನಲ್ಲಿ ಬಿಟ್ಟ ಊಟವನ್ನು ಮಧ್ಯಾಹ್ನ ಬಟ್ಟಲಲ್ಲಿಟ್ಟು ಗೋಡೆ ದಾಟಿಸಬೇಕು, ಆಪಾ ಅದನ್ನು ಅಲ್ಲೇ ನಿಂತು ಉಣ್ಣಬೇಕು.

"ಅಲ್ಲೇ ಯಾಕ ಗೇ?" ಎಂದರು ಆಪಾ.

"ನಾ ನೋಡಬೇಕು. ನನ್ನ ಹೋಳಿಗಿ ಮಂದಿ ತಿನ್ನೋದು ನೋಡಿದ್ರ ನನ್ನ ಹೊಟ್ಟಿ ಉರೀಬೇಕು. ಉರಿದ್ರ ನಡೀಲಿಕ್ಕ ತಾಕತ್ ಬರ್ತದ."

ಮರುದಿನದಿಂದ ಶುರು. ಅತ್ತೆ ಆಪಾಳ ಬಾಯಲ್ಲಿ ‘ಮೋಟಿ’, ಅಂದರೆ ಡುಮ್ಮಿ. ಆಹಾ, ಎಂಥೆಂಥ ಬೈಗುಳ! "ಅರೇ ಮೋಟಿ, ಆಚಿ ಸರಿ! ನಿನ್ನ ನೆರಳು ಬಿದ್ದು ಮೂರು ದಿನದಿಂದ ನನ್ನ ಹಪ್ಪಳ ಒಣಗವಲ್ಲವು!" ಇನ್ನೊಂದು ದಿನ: "ಕಿಲ್ಲೇದಾಗ ದೊಡ್ಡ ತೋಪು ಅದಲ್ಲ, ಅದರ ಬಾಜೂಕ ನಿನ್ನನ್ನೂ ಇಡಬೇಕು. ಅದಾದರೂ ಒಂದು ಕಾಲಕ್ಕ ಸಿಡೀತು, ನೀ ಕುಂತಲ್ಲಿಂದ ಹಂದಂಗಿಲ್ಲ!" ಮತ್ತೊಂದು ದಿನ: "ನಿನ್ನಿ ರೈಲು ಯಾಕ ತಡಾ ಆತು ಗೊತ್ತೇನು? ನೀ ಭಾಲ್ಕಿಗಿ ಹೊಂಟೀ ಅಂತ ಕೇಳಿ ಇಂಜಿನ್ನು ರಜಾ ಕೇಳ್ತಂತ!"

ಅತ್ತೆ ಪ್ರತಿ ಬೈಗುಳವನ್ನೂ ಕಣ್ಣು ಮುಚ್ಚಿ ಕೇಳಿ, "ಹ್ಞಾಂ, ಇದು ಮನ್ನಳ್ಳಿ ತನಕ ಸಾಕು" ಎಂದೋ, "ಇದು ಸಪ್ಪಗದ, ಅರ್ಧಾ ದಾರಿಗಿ ಆರ್ತದ, ಇನ್ನೊಂದು ಕೊಡು" ಎಂದೋ ತೂಗಿ ನೋಡಿ ಹೊರಡುತ್ತಿದ್ದರು. ಮಧ್ಯಾಹ್ನ ಬಟ್ಟಲು ದಾಟಿಸುವಾಗ ಅತ್ತೆಯ ಸರದಿ: "ಉಣ್ಣು ಕಡ್ಡಿ! ನಿನ್ನ ನೋಡಿ ಕಾಗಿ ಗೂಡು ಕಟ್ಟಲಿಕ್ಕ ಒಯ್ದೀತು!"

ಇನ್ನು ತೂಕದ ಕಥೆ. ಔರಾದಿನ ಯಂತ್ರವನ್ನು ಅತ್ತೆ ನಂಬಲಿಲ್ಲ. "ಅದು ನಿನ್ನೆ ಮೊನ್ನೆ ಬಂದದ್ದು, ನನ್ನ ತೂಕ ಅದಕ್ಕೇನು ಗೊತ್ತು?" ಭಾಲ್ಕಿಯ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ನಮ್ಮ ಅಪ್ಪನದು ಕಾಳುಕಡಿಯ ಅಡತಿ ಅಂಗಡಿ. ತೊಗರಿ ಚೀಲ ತೂಗುವ ದೊಡ್ಡ ತಕ್ಕಡಿ ಅಲ್ಲಿತ್ತು. ತಿಂಗಳಿಗೊಮ್ಮೆ ರೈಲಿನಲ್ಲಿ ಹೋಗಿ ಅದರಲ್ಲಿ ಕೂಡುವುದೆಂದು ತೀರ್ಮಾನ. ಮೊದಲ ದಿನ ಗಂಜಿಗೆ ಗಂಜೇ ಕೆಲಸ ಬಿಟ್ಟು ನೋಡಲು ಬಂತು. ಅತ್ತೆ ತಕ್ಕಡಿಯ ಒಂದು ತಟ್ಟೆಯಲ್ಲಿ ಮಹಾರಾಣಿಯ ಗತ್ತಿನಲ್ಲಿ ಕುಳಿತರು. ಮುದಿ ತೂಕದವನು ಇನ್ನೊಂದು ತಟ್ಟೆಗೆ ಮಣದ ಕಲ್ಲು ಏರಿಸಿದ. ಗಂಜಿನಲ್ಲಿ ಮೊದಲ ತೂಕಕ್ಕೆ "ಒಂದು" ಎನ್ನುವುದಿಲ್ಲ, ಶುಭವಾಗಲೆಂದು "ಲಾಭ" ಎನ್ನುತ್ತಾರೆ. ಅವನೂ ರೂಢಿಯಂತೆ ಊರಿಗೆಲ್ಲ ಕೇಳುವಂತೆ ಕೂಗಿದ: "ಲಾಭಾ! ಎರಡಾ! ಮೂರಾ!"

"ಯಾರಿಗೋ ಲಾಭ?" ಎಂದರು ಅತ್ತೆ ಮೇಲಿನಿಂದ.

ಮೂರು ಮಣ ತೂಗಿ, ತೂಕದವನು ರೂಢಿಯಂತೆ ಇನ್ನೊಂದನ್ನೂ ಮಾಡಿದ. ಕಾಳು ತೂಗಿದ ಮೇಲೆ ಖಾಲಿ ಚೀಲದ ತೂಕ ಕಳೆಯಬೇಕಲ್ಲ, ಅದಕ್ಕೆ ಬಾರದಾನ ಎನ್ನುತ್ತಾರೆ. ಅತ್ತೆಯ ಸೀರೆಗೆ ಒಂದು ಸೇರು, ಅಂದರೆ ಮಣದ ನಲವತ್ತನೆಯ ಒಂದು ಪಾಲು, ಬಾರದಾನ ಕಳೆದ. ನ್ಯಾಯವೇ ಸರಿ. ಎರಡನೆಯ ತಿಂಗಳು ಹನ್ನೆರಡು ಸೇರು ಇಳಿದಿದ್ದರು. ಮೂರನೆಯ ತಿಂಗಳು ಮತ್ತೆ ಹದಿನೈದು ಸೇರು! ಗಂಜಿನ ಹಮಾಲರು ಶಿಳ್ಳೆ ಹಾಕಿದರು. ನಾನು ಅಪ್ಪನ ಅಂಗಡಿಯಿಂದ ಬೆಲ್ಲ ತಂದು ಹಂಚಿದೆ. ಅತ್ತೆ ಮಾತ್ರ ತಟ್ಟೆಯಿಂದ ಇಳಿಯದೆ ತಮ್ಮ ತೋಳನ್ನು ತಾವೇ ಹಿಡಿದು ಹಿಡಿದು ನೋಡುತ್ತಿದ್ದರು. ಇಪ್ಪತ್ತು ವರ್ಷ ಕೂಸುಗಳನ್ನು ಕೈಯಲ್ಲೇ ತೂಗಿದವರು, ಅವರಿಗೆ ಯಾರು ಮೋಸ ಮಾಡಬಲ್ಲರು?

"ಯಾಕೋ, ಈ ಸಲ ಬಾರದಾನ ಎಷ್ಟು ಕಳದಿ?"

ಮುದುಕ ತಲೆ ಕೆರೆದುಕೊಂಡ. "ಆರು ಸೇರು ಬಾಯಾರ."

"ಸೀರಿ ಅದೇ ಅದ. ನಾ ಏನ್ ಚಾಪಿ ಉಟ್ಟೀನೇನು?"

ವಿಷಯ ಇಷ್ಟು. ಮುದುಕನ ಮಗಳನ್ನು ಮೈಲೂರಿಗೆ ಕೊಟ್ಟಿತ್ತು, ಅವಳ ಇಬ್ಬರು ಮಕ್ಕಳನ್ನು ಭೂಮಿಗೆ ತಂದದ್ದು ಅತ್ತೆಯ ಕೈ. ಬಾಯಿ ಖುಷಿಯಾಗಿರಲಿ ಎಂದು ಅವನು ತಿಂಗಳು ತಿಂಗಳೂ ಸೀರೆಯ ತೂಕ ಏರಿಸುತ್ತಿದ್ದ. ಇಳಿದದ್ದರಲ್ಲಿ ಐದು ಸೇರು ಅತ್ತೆಯದಲ್ಲ, ಮುದುಕನ ದಯೆ! ಅತ್ತೆ ಮತ್ತೆ ತೂಗಿಸಿದರು. "ನನ್ನ ಮ್ಯಾಲ ದಯಾ ಮಾಡ್ತೀಯೇನೋ? ಅಕಿ ನೋಡು, ಆಪಾ, ಬೆಳಗಾದ್ರ ತೋಪು ಅಂತಾಳ, ಇಂಜಿನ್ನು ಅಂತಾಳ. ಅಕಿ ನನ್ನ ಖರೆ ಗೆಳತಿ!" ಎಂದು ಗಂಜೆಲ್ಲ ಅದುರುವಂತೆ ಬೈದು ರೈಲು ಹತ್ತಿದರು. ಆ ಸಿಟ್ಟು ಎಷ್ಟು ಗಟ್ಟಿಯಾಗಿತ್ತೆಂದರೆ ಮೂರು ವಾರ ಆಪಾ ಬೈಯುವ ಅಗತ್ಯವೇ ಬೀಳಲಿಲ್ಲ. ಆದರೂ ಮಧ್ಯಾಹ್ನದ ಬಟ್ಟಲು ಮಾತ್ರ ಒಂದು ದಿನವೂ ತಪ್ಪದೆ ಗೋಡೆ ದಾಟುತ್ತಿತ್ತು. ಅದನ್ನು ನಾನು ಆಗ ಗಮನಿಸಲಿಲ್ಲ. ದಡ್ಡಿ!

ಐದನೆಯ ತಿಂಗಳ ಹೊತ್ತಿಗೆ ಅತ್ತೆ ಎರಡು ಮಣಕ್ಕೆ ಹತ್ತಿರ ಬಂದಿದ್ದರು. ಟಾಂಗಾದವನು ಹಿಂದಿನ ಸೀಟಿನಲ್ಲಿ ಕೂಡಿಸಿ ಒಬ್ಬರನ್ನೇ ಕರೆದೊಯ್ಯುವ ಮಟ್ಟಕ್ಕೆ. ಆಪಾಳ ಕೆನ್ನೆಯಲ್ಲೂ ಸ್ವಲ್ಪ ಮಾಂಸ ಕಾಣತೊಡಗಿತ್ತು. ಆಗ ಬಂತು ಇನ್ನೊಂದು ಹುಕುಂ, ಈ ಸಲ ಗೋಡೆಯಾಚೆಗೆ. ರಾಜ್ಯ ಹಂಚಿದ ಮೇಲೆ ನೌಕರರನ್ನೂ ಹಂಚುತ್ತಿದ್ದರು. ಇವರು ಈ ಕಡೆ, ಅವರು ಆ ಕಡೆ. ಆಪಾಳ ಗಂಡನ ಪಾಲಿಗೆ ಹೈದರಾಬಾದು ಬಂತು.

ಹೊರಡುವ ದಿನ ಬೆಳಿಗ್ಗೆ ಬಿಸಿಲು ಗೋಡೆ ಮುಟ್ಟಿತು. ಅತ್ತೆ ಎಂದಿನಂತೆ ಹೋಗಿ ನಿಂತರು. ಆಪಾ ಗೋಡೆಗೆ ಬರಲಿಲ್ಲ, ಸುತ್ತು ಹಾಕಿಕೊಂಡು ಬಾಗಿಲಿಗೆ ಬಂದರು. ಅತ್ತೆಯ ಮಣಿಕಟ್ಟು ಹಿಡಿದು, ಬಳೆ ಮೊಣಕೈತನಕ ಜಾರುವುದನ್ನು ನೋಡಿದರು.

"ಸೂಕ್ ಗಯಿ ಗೇ ತೂ. ಒಣಗಿ ಹೋದ್ಯಲ್ಲ..."

"ಇದೇನು? ಬೈಗುಳಾ ಎಲ್ಲಿ?"

ಆಪಾ ಬಾಯಿ ತೆರೆದರು. ಅತ್ತೆಯ ಬಳೆಯನ್ನು ಮತ್ತೆ ಮಣಿಕಟ್ಟಿಗೆ ಇಳಿಸಿದರು. "ನಕ್ಕೋ ಗೇ, ಬ್ಯಾಡ, ಇವತ್ತು ನನ್ನ ಕೈಲಿ ಆಗಂಗಿಲ್ಲ" ಎಂದು ತಿರುಗಿ ನಡೆದುಬಿಟ್ಟರು. ಸಾಮಾನು ತುಂಬಿದ ಟಾಂಗಾ ಸ್ಟೇಷನ್ನಿನ ಕಡೆ ಹೋಯಿತು. ಅತ್ತೆ ಬಾಗಿಲಲ್ಲೇ ನಿಂತು ಅದು ಮರೆಯಾಗುವತನಕ ಬೈದರು. ಯಾರನ್ನು ಬೈದರೋ ನನಗೆ ತಿಳಿಯಲಿಲ್ಲ.

ಆಮೇಲೆ ಒಂಬತ್ತು ದಿನ ಅತ್ತೆ ಉಂಡರು. ಹೇಗೆ ಉಂಡರು ಎಂದರೆ, ಎರಡು ಪಾಲು ಬಡಿಸಿಕೊಂಡು ಎರಡನ್ನೂ ತಾವೇ ಉಂಡರು. ನಡಿಗೆ ನಿಂತಿತು. ನುಲಿ ಮತ್ತೆ ಹರಿಯಿತು. ನುಲಿಯವನನ್ನು ಕರೆಸಿ ಬೈಯಲೂ ಇಲ್ಲ. ನನಗೆ ಹೆದರಿಕೆ ಹುಟ್ಟಿದ್ದು ಅದರಿಂದಲೇ. ಔರಾದಿಗೆ ಹೋಗಲು ಇನ್ನು ಮೂರೇ ವಾರವಿತ್ತು.

"ಅತ್ತಿ, ಮತ್ತ ಸುರು ಮಾಡ್ರಿ. ಡಾಕ್ಟರ್ ಅಂದದ್ದು ನೆನಸ್ಕೋರಿ."

"ಅವನ ಮ್ಯಾಲಿನ ಸಿಟ್ಟು ಎಂದೋ ಮುಗದದ. ಪಾಪ, ಛೊಲೊ ಹುಡುಗ."

"ಮತ್ತ ಯಾರ ಮ್ಯಾಲರೆ ಸಿಟ್ಟಾಗ್ರಿ!"

ಅತ್ತೆ ಗೋಡೆ ನೋಡಿದರು. ಆಚೆಯ ಅಂಗಳದಲ್ಲಿ ಒಣಗಲು ಒಂದು ಹಪ್ಪಳವೂ ಇರಲಿಲ್ಲ. ನಿಧಾನವಾಗಿ ಅವರ ಮೂಗು ಅರಳಿತು. "ಕೂಡಸ್ತೇವಿ, ಕೂಡಸ್ತೇವಿ ಅಂದ್ರು. ಕನ್ನಡದವರನ್ನೆಲ್ಲ ಒಂದು ಕಡಿ ಕೂಡಸ್ತೇವಿ ಅಂದ್ರು, ಹಿಗ್ಗಿ ಸಕ್ರಿ ಹಂಚಿದೆ. ನನ್ನ ಗೋಡಿ ಬಾಜೂಕಿನಾಕಿನ್ನ ಕಡದು ಒಯ್ಯಂತ ಯಾರು ಹೇಳಿದ್ರು? ನನ್ನ ಆಪಾನ್ನ ಒಯ್ದಾರ, ಈಗ ನನ್ನ ನೌಕರೀನೂ ಒಯ್ತಾರ? ನಡಿ, ನನ್ನ ಚಪ್ಪಲಿ ಎಲ್ಲದಾವ ನೋಡು!"

ಇಡೀ ಸರ್ಕಾರದ ಮೇಲಿನ ಸಿಟ್ಟು ಎಂದರೆ ಸಣ್ಣದೇ? ಮೂರು ವಾರ ದಂಡಿಯಾಗಿ ಬಂತು.

ಔರಾದಿನಲ್ಲಿ ಡಾಕ್ಟರು ಅತ್ತೆಯನ್ನು ನೋಡಿ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ಕೈ ಮುಗಿದರು. "ಅಮ್ಮಾ, ಈ ಬಿಸಿಲಲ್ಲಿ ನಡೀಬೇಡಿ. ನಡೆದ್ರಿ ಅಂತ ನಾನೇ ಬರ್ದುಬಿಡ್ತೀನಿ."

"ನೀವೂ ಬಾರದಾನ ಕಳೀತೀರೇನು?" ಎಂದರು ಅತ್ತೆ. ಡಾಕ್ಟರಿಗೆ ಅರ್ಥವಾಗಲಿಲ್ಲ. ಅವರು ಸೈಕಲ್ ಹತ್ತಿ ಚಿಂತಾಕಿಗೆ ಮುಂದೆ ಹೋದರು. ಅತ್ತೆ ಚೀಲವನ್ನು ಹೆಗಲಿಗೇರಿಸಿದರು. ಜೊತೆಗೆ ನಾನು.

ಅರ್ಧ ದಾರಿಯತನಕ ಅತ್ತೆ ಸರ್ಕಾರವನ್ನು ಬೈಯುತ್ತ ನನಗಿಂತ ಮುಂದೆ ನಡೆದರು. ಆಮೇಲೆ ಬೈಗುಳ ಸಣ್ಣದಾಯಿತು. ಆಮೇಲೆ ನಿಂತಿತು. ಒಂದು ಬೇವಿನ ಮರದ ಕೆಳಗೆ ಅತ್ತೆ ಕುಳಿತರು. ಮೊಣಕಾಲು ಹಿಡಿದುಕೊಂಡು, ನನ್ನ ಕಡೆ ನೋಡದೆ ಅಂದರು: "ಸಾಕವ್ವ. ಆಗವಲ್ತು."

ಆ ಬಾಯಿಂದ ಆ ಮಾತು! ನನ್ನೊಳಗೆ ಏನೋ ಕಿತ್ತುಬಂತು. ನಾನು ಸೊಸೆ ಎಂಬುದು, ಅವರು ದೊಡ್ಡವರು ಎಂಬುದು, ಎಲ್ಲ ಮರೆತೆ.

"ಕೂಡು! ಅಲ್ಲೇ ಕೂಡು, ಏಳಬ್ಯಾಡ! ಡಾಕ್ಟರ್ ಹೇಳಿದ್ದು ಖರೆ ಅದ ಅಂತ ಊರಾಗ ಡಂಗುರಾ ಸಾರಸ್ತೇನಿ. ಆರು ತಿಂಗಳು ಬೈಗುಳಾ ತಿಂದಿ, ಒಂದೂ ಮೈಗಿ ಹತ್ತಲಿಲ್ಲ! ತಾ ಇಲ್ಲಿ ಆ ಚೀಲ. ಇನ್ನ ಮುಂದ ನಾನೇ ದಾಯಿ ಆಗ್ತೇನಿ. ನೀ ಮನ್ಯಾಗ ಕುಂತು ನನಗ ರೊಟ್ಟಿ ಬಡಿ!"

ಚೀಲಕ್ಕೆ ಚಾಚಿದ ನನ್ನ ಕೈಗೆ ಅತ್ತೆ ಪಟ್ಟೆಂದು ಹೊಡೆದರು. ಬೇವಿನ ಬೊಡ್ಡೆ ಹಿಡಿದು ಎದ್ದರು. ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದರು.

"ಇಷ್ಟು ದಿನಾ ಎಲ್ಲಿ ಇಟ್ಟಿದ್ದಿ ಈ ಬಾಯಿ?"

ಊಟದ ಹೊತ್ತಿಗೆ ನಾವು ಚಿಂತಾಕಿಯಲ್ಲಿದ್ದೆವು. ಡಾಕ್ಟರು ಶಾಲೆಯ ಕಟ್ಟೆಯಿಂದ ಎದ್ದು ಬಂದು, "ಗೆದ್ರಿ ಅಮ್ಮಾ!" ಎಂದರು. ಅತ್ತೆ ಚೀಲ ಇಳಿಸದೆ ಉತ್ತರ ಕೊಟ್ಟರು: "ಗೆದ್ರಿ ಅನಬ್ಯಾಡ್ರಿ ಸಾಹೇಬ್ರ. ತಿಂಗಳಿಗೊಮ್ಮೆ ನನ್ನ ಕರದು ‘ಆಗಲ್ಲಮ್ಮ’ ಅನ್ರಿ. ಇಲ್ಲಂದ್ರ ಇಳದದ್ದು ತಿರುಗಿ ಬರ್ತದ." ಆ ಪುಣ್ಯಾತ್ಮ ವರ್ಗವಾಗಿ ಹೋಗುವತನಕ ತಪ್ಪದೆ ಅಂದರು. ಅದೂ ಅವರ ಕೆಲಸದಲ್ಲಿ ಸೇರಿತ್ತು ಎನ್ನಿ.

ಅತ್ತೆ ಔರಾದಿನಲ್ಲೇ ಒಂದು ಖೋಲಿ ಹಿಡಿದರು, ವಾರಕ್ಕೊಮ್ಮೆ ಮೈಲೂರಿಗೆ ಬರುತ್ತಿದ್ದರು. ಅಂಥ ಒಂದು ಭಾನುವಾರ ಅವರಿಗಾಗಿ ಹೈದರಾಬಾದಿನಿಂದ ಒಂದು ಕಾರ್ಡು ಕಾದಿತ್ತು. ಆಪಾ ಬರೆಸಿದ್ದು. ಉರ್ದುವಿನಲ್ಲಿ ಓದಿದವರು ನಮ್ಮ ಮನೆಯವರು, ಅವರು ಓದಿ ಕನ್ನಡದಲ್ಲಿ ಹೇಳಿದರು. ಮನೆ ಚೆನ್ನಾಗಿದೆ. ಇಲ್ಲಿಯೂ ಒಂದು ಗೋಡೆ ಇದೆ, ಆಚೆ ಇರುವವರು ಯಾರೋ ಗೊತ್ತಿಲ್ಲ. ಊಟ ಗಂಟಲಿಗೆ ಇಳಿಯುವುದಿಲ್ಲ. ಮೊನ್ನೆ ಬೆಳಿಗ್ಗೆ ನಿನಗೊಂದು ಒಳ್ಳೆಯ ಬೈಗುಳ ಬಾಯಿಗೆ ಬಂತು, ಕೇಳುವವರಿಲ್ಲವಲ್ಲ ಎಂದು ನುಂಗಿಕೊಂಡೆ, ಅವತ್ತು ಅದರಲ್ಲೇ ಹೊಟ್ಟೆ ತುಂಬಿತು.

ಅತ್ತೆ ನಗಲಿಲ್ಲ. ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಮೂರು ವಾರ ಬೈಗುಳ ಬೇಡದಿದ್ದಾಗಲೂ ಬಟ್ಟಲು ಯಾಕೆ ದಾಟುತ್ತಿತ್ತು, "ಅಲ್ಲೇ ನಿಂತು ಉಣ್ಣು" ಎಂಬ ಕರಾರು ಯಾರ ಹೊಟ್ಟೆಗಾಗಿ ಇತ್ತು ಎಂದು. ಎರಡು ಕೂಸುಗಳನ್ನು ಉಳಿಸಿಕೊಡಲಾರದ ಆ ಕೈ, ತಾಯಿಯನ್ನಾದರೂ ಉಳಿಸಿಕೊಳ್ಳಲು ದಿನಾ ಒಂದು ಬಟ್ಟಲು ಚಾಚುತ್ತಿತ್ತು.

"ಬರಿಯೋ," ಎಂದರು ಅತ್ತೆ ನಮ್ಮ ಮನೆಯವರಿಗೆ. "ಏ ಕಡ್ಡಿ! ನೀ ಉಣ್ಣಂಗಿಲ್ಲಂದ್ರ ನಿನ್ನ ಪಾಲೂ ನಾನೇ ಉಣ್ತೇನಿ. ಮತ್ತ ಮೂರು ಮಣ ಆಗ್ತೇನಿ. ನೌಕರಿ ಹೋಗ್ತದ, ಹೋಗಲಿ! ನಿನ್ನ ಕಾರ್ಡ್ ಬಂದ ದಿನಾ ಹೋಳಿಗಿ ತಟ್ಟಿ ಮುಂದಿಟ್ಕೊಂಡೇ ಓದಸ್ತೇನಿ. ಉಂಡೇನಿ ಅಂತ ಬರದಿರಬೇಕು. ಬರದಿರಲಿಲ್ಲಂದ್ರ ಒಂದೂ ಬಿಡಂಗಿಲ್ಲ."

ಅತ್ತೆ ಹೇಳಿದರೆಂದರೆ ಮಾಡುವವರೇ. ಎರಡು ವಾರದ ನಂತರ ಉತ್ತರ ಬಂತು. ಭಾನುವಾರ ಅತ್ತೆ ಕೈಕಾಲು ತೊಳೆದು ಬಂದು, "ಮೊದಲ ಬಡಸು" ಎಂದರು. ಆರು ಹೋಳಿಗೆ ಬಡಿಸಿ, ತುಪ್ಪ ಹಾಕಿದೆ. ಅತ್ತೆ ಒಂದು ತುಂಡು ಮುರಿದು ಬಾಯಿಯ ಹತ್ತಿರ ಹಿಡಿದು ಅಂದರು: "ಹ್ಞೂಂ, ಓದು."

ನಮ್ಮ ಮನೆಯವರು ಕಾರ್ಡು ತಿರುಗಿಸಿದರು. ಒಂದೇ ಸಾಲಿತ್ತು.

"ಮೋಟಿ, ಆ ಹೋಳಿಗಿ ಕೆಳಗ ಇಡು. ನಾ ಉಂಡೇನಿ."

ಅತ್ತೆ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮುರಿದ ತುಂಡನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.